ಜಪಾನಿನ ಇಬ್ಬರಲ್ಲಿ ಒಬ್ಬ ಕಾಣೆ

ಧರ್ಮಪಾಲರಿಗೆ ಈಚೀಚೆಗೆ ಇಡೀ ಲೋಕದ ಮೇಲೆ ಸಿಟ್ಟು. ಜನರೆಲ್ಲ ಬಾಯಿ ಬಿಟ್ಟು ಮಾತಾಡುವುದನ್ನೇ ನಿಲ್ಲಿಸಿದ್ದಾರೆ ಎಂಬುದು ಅವರ ಮುಖ್ಯ ದೂರು. ಡೊಂಬಿವಲಿಯ ಕೈಗಾರಿಕಾ ಪ್ರದೇಶ ಎಂಐಡಿಸಿಯ ಕಾರ್ಖಾನೆಯೊಂದರ ಕ್ಯಾಂಟೀನಿಗೆ ಅವರು ಸೂಪರ್‌ವೈಸರ್. ಅಲ್ಲಿ ಬಡಿಸುವವರು ಗೊಣಗುತ್ತಾರೆ. ಮನೆಗೆ ಬಂದರೆ ಹೆಂಡತಿ ದಮಯಂತಿ ಅಡುಗೆಮನೆಯಿಂದ ಗೊಣಗುತ್ತಾಳೆ. ರಿಕ್ಷಾದವನು ಬಾಡಿಗೆ ಹೇಳುವಾಗ ಗೊಣಗುತ್ತಾನೆ. ಹೋಗಲಿ ಎಂದು ಶನಿವಾರ ಸಂಜೆ ಕೋಪರಖೈರಣೆಗೆ ಯಕ್ಷಗಾನದ ಅಭ್ಯಾಸಕ್ಕೆ ಹೋದರೆ ಅಲ್ಲಿ ಚೆಂಡೆಯೂ ಗೊಣಗುತ್ತದೆ. ಎರಡು ಬೀದಿ ಆಚೆಗೆ ಕೇಳಬೇಕಾದ ಚೆಂಡೆ ಪಕ್ಕದಲ್ಲಿ ಕೂತವನಿಗೇ ಸರಿಯಾಗಿ ಕೇಳುವುದಿಲ್ಲ ಎಂದಾದರೆ ಬಾರಿಸುವವನ ಕೈಗೆ ಏನು ಬಂದಿದೆ ಎಂದು ವಿಚಾರಿಸಬೇಕೋ ಬೇಡವೋ? ಧರ್ಮಪಾಲರು ವಿಚಾರಿಸುತ್ತಿದ್ದರು.

“ಜಯಶೀಲ, ನೀನು ಊಟ ಮಾಡಿ ಬಂದಿದ್ದೀಯೋ ಇಲ್ವೋ? ಇದು ಚೆಂಡೆ ಬಾರಿಸುದೋ, ಸೊಳ್ಳೆ ಹೊಡಿಯುದೋ?”

ಜಯಶೀಲ ವಾಶಿಯ ಹೋಟೆಲೊಂದರ ಮ್ಯಾನೇಜರು, ಇವರಿಗಿಂತ ಪ್ರಾಯದಲ್ಲಿ ಚಿಕ್ಕವನು. “ಆಯ್ತು ಧರ್ಮಣ್ಣ” ಎಂದು ಇನ್ನಷ್ಟು ಬಲ ಹಾಕಿ ಬಾರಿಸುತ್ತಿದ್ದ. ಕೆಳಗಿನ ಮಹಡಿಯವರು ಬಂದು ಬಾಗಿಲು ಬಡಿದು ಮರಾಠಿಯಲ್ಲಿ ಬೈದು ಹೋಗುತ್ತಿದ್ದರು. ಆದರೂ ಧರ್ಮಪಾಲರ ಮುಖದ ಗಂಟು ಸಡಿಲವಾಗುತ್ತಿರಲಿಲ್ಲ.

ಮದ್ದಳೆ ಅವರ ವಾದ್ಯ. ಕಿನ್ನಿಗೋಳಿಯಿಂದ ಹುಡುಗನಾಗಿದ್ದಾಗಲೇ ಠಾಣೆ ಪಟ್ಟಣಕ್ಕೆ ಬಂದು, ರೈಲ್ವೆ ಸ್ಟೇಷನ್ ಹತ್ತಿರದ ಹೋಟೆಲಿನಲ್ಲಿ ಗ್ಲಾಸು ತೊಳೆದು, ರಾತ್ರಿಶಾಲೆಯಲ್ಲಿ ಕನ್ನಡದಲ್ಲೇ ಹತ್ತನೆಯ ಪರೀಕ್ಷೆ ಪಾಸಾದ ಜನ. ಆ ಹೋಟೆಲಿನ ಅಡುಗೆಯವರೊಬ್ಬರು ಹಿಂದೆ ಮೇಳದಲ್ಲಿ ಮದ್ದಳೆ ಬಾರಿಸಿ ಬಿಟ್ಟವರು. ಹಿಟ್ಟಿನ ಡಬ್ಬ ಮಗುಚಿ ಹಾಕಿ ಇವರಿಗೆ ಮೊದಲ ಪಾಠ ಹೇಳಿಕೊಟ್ಟದ್ದು ಅವರೇ. ಡಬ್ಬದಿಂದ ನಿಜವಾದ ಮದ್ದಳೆಗೆ ಬಂದ ಮೇಲೆ ಧರ್ಮಪಾಲರು ಅದನ್ನು ಕೆಳಗಿಟ್ಟದ್ದು ಕಡಿಮೆ. ಕೋಪರಖೈರಣೆಯ ಕನ್ನಡ ಸಂಘದ ಹವ್ಯಾಸಿ ಮಂಡಳಿಯಲ್ಲಿ ಮೂವತ್ತು ವರ್ಷದಿಂದ ಮದ್ದಳೆಗೆ ಅವರೇ, ಚೆಂಡೆಗೆ ಜಯಶೀಲನೇ. ಊರಿನ ಬಯಲಾಟದಲ್ಲಾದರೆ ಕೈಕಾಲು ಆಡಿಸಲು ಬೇಕಾದಷ್ಟು ಜಾಗ. ಇಲ್ಲಿಯ ಬಾಡಿಗೆ ಹಾಲುಗಳ ವೇದಿಕೆಯಲ್ಲಿ ಒಬ್ಬ ವೇಷಧಾರಿ ಸುತ್ತು ಹೊಡೆದರೆ ಭಾಗವತರ ಮುಂಡಾಸು ಬೀಳುತ್ತದೆ. ಅಂಥಲ್ಲಿ ಜಯಶೀಲ ಧರ್ಮಪಾಲರ ಬಲಭುಜಕ್ಕೆ ತಾಗಿಕೊಂಡೇ ನಿಂತು ಬಾರಿಸುತ್ತ ಬಂದಿದ್ದ.

ಇಷ್ಟು ಸಿಟ್ಟಿನ ನಡುವೆ ಮಗಳು ರಮಿತಾ ತನಗೊಬ್ಬ ಹುಡುಗ ಹಿಡಿಸಿದ್ದಾನೆ ಎಂದಳು. ಐರೋಲಿಯಲ್ಲಿ ಅವಳು ಕೆಲಸ ಮಾಡುವ ಕಂಪನಿಯವನೇ, ಹೆಸರು ವಿಕಾಸ್, ಮನೆ ಘಣಸೋಲಿ. ನಮ್ಮವರೇ, ಮುಲ್ಕಿ ಕಡೆಯವರು. ತಂದೆ ಇಲ್ಲ, ತಾಯಿ ಇದ್ದಾರೆ. ಧರ್ಮಪಾಲರಿಗೆ ತಕರಾರು ತೆಗೆಯಲು ಮೇಲ್ನೋಟಕ್ಕೆ ಏನೂ ಸಿಗಲಿಲ್ಲ. “ಬರಲಿ, ಮಾತಾಡಿ ನೋಡುವ” ಎಂದರು.

ಆ ಮಾತಾಡಿ ನೋಡಿದ್ದು ಒಂದು ದೊಡ್ಡ ಪ್ರಹಸನ. ಹುಡುಗ ಬಂದವನು ಸೋಫಾದಲ್ಲಿ ಧರ್ಮಪಾಲರ ಬಲಕ್ಕೆ ಕೂತ. ಚಹಾ ತಂದ ರಮಿತಾ ಅದನ್ನು ನೋಡಿ, “ವಿಕಾಸ್, ನೀನು ಈಚೆ ಕುರ್ಚಿಗೆ ಬಾ” ಎಂದಳು.

“ಕೂತವನನ್ನು ಯಾಕೆ ಎಬ್ಬಿಸುದು? ಇದೆಂತ ಸಂಗೀತ ಕುರ್ಚಿಯಾ?” ಎಂದು ಧರ್ಮಪಾಲರು ಮಗಳನ್ನು ಗದರಿದರು.

ಆಮೇಲೆ ಕೆಲಸದ ಬಗ್ಗೆ ಕೇಳಿದರು. ಹುಡುಗನ ತುಟಿ ಅಲ್ಲಾಡಿತು. ಊರಿನ ಮನೆ ಎಲ್ಲಿ ಎಂದು ಕೇಳಿದರು. ಮತ್ತೆ ತುಟಿ ಅಲ್ಲಾಡಿತು. ಯಕ್ಷಗಾನ ನೋಡಿದ್ದೀಯಾ ಎಂದು ಕೇಳಿದರು. ತುಟಿಯ ಜೊತೆಗೆ ತಲೆಯೂ ಸ್ವಲ್ಪ ಅಲ್ಲಾಡಿತು. ಬಾಯಲ್ಲಿ ಅಡಕೆ ಇಟ್ಟುಕೊಂಡವನಂತೆ ಗೊಣಗುವ ಇವನಿಗೆ ಮಗಳನ್ನು ಕೊಡುವುದೆಂದರೆ ಆಯುಷ್ಯವಿಡೀ ಅವಳು ‘ಹ್ಞಾಂ? ಎಂತ?’ ಎಂದು ಕೇಳುತ್ತಾ ಇರಬೇಕಾದೀತು ಎಂದು ಧರ್ಮಪಾಲರು ಮನಸ್ಸಿನಲ್ಲೇ ತೀರ್ಮಾನ ಮಾಡಿದರು. ಹೊರಡುವಾಗ ಮಾತ್ರ, ಬಾಗಿಲಲ್ಲಿ ಚಪ್ಪಲಿ ಹಾಕುತ್ತಾ, ಹುಡುಗ ಇವರ ಎಡಗಡೆಯಲ್ಲಿ ನಿಂತು ಸ್ಪಷ್ಟವಾಗಿ ಒಂದು ಮಾತು ಹೇಳಿದ.

“ಅಂಕಲ್, ಯಕ್ಷಗಾನ್ ಕಾ ಮುಝೆ ಜಾಸ್ತಿ ಗೊತ್ತಿಲ್ಲ. ನನಗೆ ಒಂದು ಜಪಾನಿ ಬ್ಯಾಂಡ್ ಇಷ್ಟ. ಇಬ್ಬರೇ ಜನ. ಒಬ್ಬ ಬೇಸ್ ಗಿಟಾರ್, ಒಬ್ಬ ಡ್ರಮ್ಸ್. ಆರು ಆಲ್ಬಮ್ ಉಂಟು. ಅವರ ತಾಳ ಕೇಳಿದ್ರೆ ನಿಮಗೆ ಖಂಡಿತ ಇಷ್ಟ ಆಗ್ತದೆ.”

ತಾಳ ಎಂಬ ಮಾತು ಇವರನ್ನು ಕೆಡಿಸಿತು. “ಕಳಿಸು. ತಾಳ ಯಾವ ದೇಶದ್ದಾದರೂ ನನಗೆ ಗೊತ್ತಾಗದ್ದು ಎಂತ ಉಂಟು? ಆರೂ ಕೇಳ್ತೇನೆ” ಎಂದುಬಿಟ್ಟರು. ಹುಡುಗ ಮನೆ ತಲಪುವ ಮೊದಲೇ ಆರು ಆಲ್ಬಮ್‌ಗಳು ಇವರ ಫೋನಿಗೆ ಬಂದು ಕೂತವು.

ಆ ಸಂಜೆ ಧರ್ಮಪಾಲರು ಈ ಸಂಬಂಧ ಬೇಡ ಎಂದರು. ರಮಿತಾ ಅಳಲೂ ಇಲ್ಲ, ಜಗಳಕ್ಕೂ ಬರಲಿಲ್ಲ. ಅವರ ಎಡಗಡೆಯಲ್ಲಿ ಬಂದು ಕೂತಳು.

“ಪಪ್ಪ, ನೀವು ಅವನಿಗೆ ಮಾತು ಕೊಟ್ಟಿದ್ದೀರಿ. ಆರೂ ಕೇಳ್ತೇನೆ ಅಂತ. ಮುಂದಿನ ತಿಂಗಳು ಮೊದಲನೇ ಆದಿತ್ಯವಾರ ಅವನ ಅಮ್ಮ ಉತ್ತರ ಕೇಳ್ಲಿಕ್ಕೆ ಬರ್ತಾರೆ. ಅಷ್ಟರಲ್ಲಿ ಪೂರ್ತಿ ಕೇಳಿ. ಪೂರ್ತಿ ಕೇಳಿದ ಮೇಲೂ ನೀವು ಬೇಡ ಅಂದ್ರೆ ನಾನು ಬೇಡ ಅಂತ ಬಿಡ್ತೇನೆ. ಪ್ರಾಮಿಸ್.”

ಮಗಳ ಮದುವೆ ಹೀಗೆ ಜಪಾನಿನ ಇಬ್ಬರು ಅಪರಿಚಿತರ ಕೈಗೆ ಹೋಗಿ ಬಿತ್ತು. ಆ ಬ್ಯಾಂಡಿನ ಹೆಸರು ಧರ್ಮಪಾಲರ ನಾಲಗೆಗೆ ಕೊನೆಗೂ ಹತ್ತಲಿಲ್ಲ. ಮನೆಯಲ್ಲಿ ಅವರಿಗೆ ‘ಜಪಾನಿನವರು’ ಎಂದೇ ಹೆಸರಾಯಿತು.

ಮೊದಲ ಆಲ್ಬಮ್ಮನ್ನು ಅವರು ಶನಿವಾರ ಅಭ್ಯಾಸಕ್ಕೆ ಹೋಗುವ ಟ್ರೇನಿನಲ್ಲಿ ಕೇಳಿದರು. ಡೊಂಬಿವಲಿಯಿಂದ ಠಾಣೆ, ಅಲ್ಲಿ ಬದಲಿಸಿ ಕೋಪರಖೈರಣೆ. ರಮಿತಾಳ ವಯರ್ ಇಯರ್‌ಫೋನಿನ ಎರಡೂ ಬೊಡ್ಡೆಗಳನ್ನು ಎರಡು ಕಿವಿಗೆ ಸಿಕ್ಕಿಸಿ, ಕಣ್ಣು ಮುಚ್ಚಿ, ತೊಡೆಯ ಮೇಲೆ ತಾಳ ಹಾಕಲು ಕೈ ಇಟ್ಟುಕೊಂಡರು. ದಪ್ಪ ತಂತಿಯ ಗಿಟಾರೊಂದು ಗುರ್ರ್ ಎಂದಿತು. ಎರಡು ಸಲ ಗುರ್ರ್ ಎಂದು ಸುಮ್ಮನಾಯಿತು. ಮತ್ತೆ ಗುರ್ರ್ ಎಂದಿತು. ಈ ಸಲ ಅರ್ಧಕ್ಕೇ ನಿಂತಿತು. ನಿಂತ ಜಾಗದಲ್ಲಿ ಏನೂ ಇಲ್ಲ, ಬರೀ ಖಾಲಿ. ಧರ್ಮಪಾಲರ ಕೈ ತೊಡೆಯ ಮೇಲೆ ಎತ್ತಿದಲ್ಲೇ ಉಳಿಯಿತು. ಠಾಣೆ ಬರುವಷ್ಟರಲ್ಲಿ ಆ ಕೈ ಹಾಗೆ ಎಷ್ಟು ಸಲ ಎತ್ತಿದಲ್ಲೇ ಉಳಿಯಿತೆಂದರೆ ಎದುರು ಸೀಟಿನ ಹೆಂಗಸು ಇವರು ಯಾರಿಗೋ ಹೊಡೆಯಲು ತಯಾರಾಗಿದ್ದಾರೆ ಎಂದು ಮಗುವನ್ನು ಹತ್ತಿರಕ್ಕೆ ಎಳೆದುಕೊಂಡಳು.

ಎರಡನೆಯದರಲ್ಲಿ ಗಿಟಾರಿನವನು ಹಾಡಲೂ ತೊಡಗಿದ. ಹಾಡು ಎನ್ನುವುದಕ್ಕಿಂತ ಕೂಗು ಎನ್ನಬೇಕು. ಜಪಾನಿ ಭಾಷೆಯೂ ಅಲ್ಲವಂತೆ, ಅವರೇ ಮಾಡಿಕೊಂಡ ಭಾಷೆಯಂತೆ. ಹಾಗೆಂದು ರಮಿತಾ ಹೇಳಿದಾಗ ಧರ್ಮಪಾಲರು, “ಇದ್ದ ಭಾಷೆ ಎಂತ ತಪ್ಪು ಮಾಡಿತ್ತು ಅವರಿಗೆ?” ಎಂದು ಕೇಳಿದರು. ಆದರೆ ಭಾಷೆ ಅವರಿಗೆ ದೊಡ್ಡ ತೊಂದರೆಯಾಗಿರಲಿಲ್ಲ. ಆ ಮನುಷ್ಯ ಒಂದು ಸಾಲು ಕೂಗಿ ನಿಲ್ಲುತ್ತಾನೆ. ಯಾರೋ ಉತ್ತರ ಕೊಡಲಿ ಎಂದು ಕಾದ ಹಾಗೆ ಕಾಯುತ್ತಾನೆ. ಉತ್ತರ ಬರುವುದಿಲ್ಲ. ಆದರೆ ಉತ್ತರ ಸಿಕ್ಕವನ ಹಾಗೆ ಸಿಟ್ಟಾಗಿ ಮತ್ತೆ ಕೂಗುತ್ತಾನೆ. ವೇಷವಿಲ್ಲದ, ಬರೀ ಮಾತಿನ ತಾಳಮದ್ದಳೆಯಲ್ಲಿ ಕರ್ಣನ ಅರ್ಥ ಹೇಳುವವನು ಬಂದು ಕೂತಿದ್ದಾನೆ, ಶಲ್ಯನೇ ಬಂದಿಲ್ಲ, ಆದರೂ ಪ್ರಸಂಗ ನಡೆಯುತ್ತಿದೆ ಎಂಬ ಹಾಗೆ. ದೂರದಲ್ಲಿ ಏನೋ ಕುಟ್ಟಿದ ಸದ್ದು ಒಂದೊಂದು ಸಲ ಕೇಳುತ್ತಿತ್ತು. ಅದು ಮೇಲಿನ ಮಹಡಿಯ ಗುಪ್ತೆಯವರು ಮಸಾಲೆ ಕುಟ್ಟುವುದು ಎಂದು ತಿಳಿದು ಧರ್ಮಪಾಲರು ಮೆಟ್ಟಿಲು ಹತ್ತಿ ಹೋಗಿ ಅವರ ಬೆಲ್ ಒತ್ತಿದರು. ಗುಪ್ತೆಯವರ ಮನೆಯಲ್ಲಿ ಎಲ್ಲರೂ ಸುಮ್ಮನೆ ಟೀವಿ ನೋಡುತ್ತಿದ್ದರು.

ಮೂರನೆಯ ಆಲ್ಬಮ್ಮಿನಲ್ಲಿ ಇಡೀ ಆಲ್ಬಮ್ಮಿಗೆ ಒಂದೇ ಹಾಡು. ಅದು ಮುಗಿಯುವಷ್ಟರಲ್ಲಿ ದಮಯಂತಿ ಮೀನು ಕತ್ತರಿಸಿ, ಮಸಾಲೆ ಅರೆದು, ಸಾರು ಕುದಿಸಿ ಇಳಿಸಿದ್ದಳು. ಧರ್ಮಪಾಲರು ಅಷ್ಟು ಹೊತ್ತೂ ಮುಕ್ತಾಯಕ್ಕೆ ಕಾದರು. ಎಂಥ ಬಡ ಮೇಳದ ಪದ್ಯವಾದರೂ ಕೊನೆಗೆ ಒಂದು ಮುಕ್ತಾಯ ಬಾರಿಸಿ, ಇಲ್ಲಿಗೆ ಬಂತು ನೋಡಿ, ಎಂದು ಕೂತವನ ಎದೆಗೆ ಒಂದು ನೆಮ್ಮದಿ ಕೊಟ್ಟು ಮುಗಿಸುತ್ತದೆ. ಈ ಪುಣ್ಯಾತ್ಮ ಗುರ್ರ್ ಎನ್ನುತ್ತಾ ಮೇಲೆ ಹತ್ತಿದ, ಹತ್ತಿದ, ಇನ್ನೇನು ಇಳಿದು ನೆಲಕ್ಕೆ ಕಾಲಿಡಬೇಕು, ಅಲ್ಲಿಗೆ ಕೈ ಎತ್ತಿ ಬಿಟ್ಟ. ಧರ್ಮಪಾಲರಿಗೆ ಊಟ ರುಚಿಸಲಿಲ್ಲ.

ನಾಲ್ಕನೆಯದು ಜನರ ಎದುರು ನುಡಿಸಿದ್ದು. ಹಾಡು ನಿಂತಾಗ ಜನ ಹುಚ್ಚು ಹಿಡಿದವರ ಹಾಗೆ ಚಪ್ಪಾಳೆ ಹೊಡೆಯುತ್ತಿದ್ದರು. ಯಾವುದಕ್ಕೆ ಹೊಡೆಯುತ್ತಾರೆ ಎಂದೇ ಇವರಿಗೆ ಅರ್ಥವಾಗಲಿಲ್ಲ. ಚಪ್ಪಾಳೆಗೆ ಸಿಟ್ಟು ಇನ್ನಷ್ಟು ಏರಿತು. ಐದನೆಯದನ್ನು ಕ್ಯಾಂಟೀನಿನಲ್ಲಿ ಕೇಳಲು ಹೋಗಿ ಸಾಂಬಾರಿಗೆ ಎರಡು ಸಲ ಉಪ್ಪು ಬಿತ್ತು. ಆರನೆಯದು ಬಹಳ ವರ್ಷ ಬಿಟ್ಟು ಮಾಡಿದ್ದಂತೆ, ಇಬ್ಬರಿಗೂ ಈಗ ಪ್ರಾಯವಾಗಿದೆಯಂತೆ. ಅದರಲ್ಲಿ ಗಿಟಾರಿನವನು ಮೊದಲಿನಷ್ಟು ಕೂಗುತ್ತಿರಲಿಲ್ಲ, ನಡುನಡುವೆ ಬಹಳ ಹೊತ್ತು ಸುಮ್ಮನಿರುತ್ತಿದ್ದ. ಆ ಮೌನದಲ್ಲಿ ಧರ್ಮಪಾಲರಿಗೆ ಅವನ ಮೇಲೆ ಕನಿಕರ ಹುಟ್ಟಿತು. ಜೊತೆಗಾರ ಯಾವತ್ತೋ ಬಿಟ್ಟು ಹೋಗಿದ್ದಾನೆ, ಈ ಪಾಪದವನಿಗೆ ಯಾರೂ ಅದನ್ನು ಹೇಳಿಲ್ಲ ಎಂದು ಅನಿಸಿತು.

“ಆಯ್ತು, ಆರೂ ಕೇಳಿಯಾಯ್ತು” ಎಂದು ಅವರು ಶುಕ್ರವಾರ ಊಟಕ್ಕೆ ಕೂತಲ್ಲಿ ಸಾರಿದರು. “ಇಬ್ಬರ ಬ್ಯಾಂಡಂತೆ. ಒಬ್ಬನೇ ಇರುದು ಅದರಲ್ಲಿ. ಲಯ ಇಲ್ಲ, ಗತಿ ಇಲ್ಲ, ಮುಕ್ತಾಯ ಇಲ್ಲ. ಇದನ್ನು ತಾಳ ಅಂತ ನನಗೆ ಕಳಿಸಿದವನಿಗೆ ಒಂದೋ ತಲೆ ಸರಿ ಇಲ್ಲ, ಇಲ್ಲದಿದ್ರೆ ನನ್ನನ್ನು ಮಂಗ ಮಾಡ್ಲಿಕ್ಕೆ ನೋಡಿದ್ದು. ಆದಿತ್ಯವಾರ ಅವನ ಅಮ್ಮನಿಗೆ ನಾನೇ ಹೇಳ್ತೇನೆ.”

ರಮಿತಾ ತಟ್ಟೆ ನೋಡುತ್ತಾ ಕೂತಳು. ಅವಳ ಮುಖ ಬಾಡಿದ್ದು ಕಂಡು ಧರ್ಮಪಾಲರಿಗೆ ಸಂಕಟವಾಯಿತು, ಸಂಕಟವಾದದ್ದಕ್ಕೆ ಸಿಟ್ಟೂ ಬಂತು. “ನೀವು ಪೂರ್ತಿ ಕೇಳಿಲ್ಲ ಪಪ್ಪ” ಎಂದಳು ಅವಳು. “ಕೇಳಿದ್ದೇನೆ ಅಂತ ಹೇಳಿದೆನಲ್ಲ” ಎಂದು ಇವರು ಏರುದನಿಯಲ್ಲಿ ಹೇಳಿದರು. ದಮಯಂತಿ ಏನೋ ಹೇಳಲು ಬಾಯಿ ತೆರೆದು, ಅನ್ನ ಬಡಿಸಿ ಒಳಗೆ ಹೋದಳು.

ಮರುದಿನ ಅಭ್ಯಾಸಕ್ಕೆ ಹೊರಟಾಗ ರಮಿತಾ ಒಂದೇ ಒಂದು ಬೇಡಿಕೆ ಇಟ್ಟಳು. ವಿಕಾಸ್ ಘಣಸೋಲಿಯಲ್ಲಿ ಟ್ರೇನ್ ಹತ್ತುತ್ತಾನೆ, ಅಮ್ಮನಿಗೆ ಹೇಳುವ ಮೊದಲು ಅವನ ಮುಖಕ್ಕೇ ಹೇಳಿ. ಅದು ನ್ಯಾಯವೇ ಎಂದು ಧರ್ಮಪಾಲರಿಗೂ ಅನಿಸಿತು. ಹುಡುಗ ಹತ್ತಿದ. ಇಬ್ಬರೂ ಕೋಪರಖೈರಣೆಯಲ್ಲಿ ಇಳಿದು ಸ್ಟೇಷನ್ ಹೊರಗಿನ ಉಡುಪಿ ಹೋಟೆಲಿಗೆ ಹೋದರು. ಅಲ್ಲಿ ಬಲಗಡೆ ಗೋಡೆಗೆ ತಾಗಿದ ಮೇಜು ಮಾತ್ರ ಖಾಲಿ ಇತ್ತು. ಧರ್ಮಪಾಲರು ಗೋಡೆಯ ಬದಿಗೆ ಕೂತದ್ದರಿಂದ ವಿಕಾಸ್ ಬೇರೆ ದಾರಿಯಿಲ್ಲದೆ ಅವರ ಎಡಕ್ಕೆ ಕೂತ. ಇವತ್ತು ಹುಡುಗನ ಮಾತು ಒಂದೊಂದೂ ಸ್ಪಷ್ಟವಾಗಿತ್ತು. ಹೆದರಿಕೆಯಿಂದ ಬಾಯಿ ತೆರೆದಿದ್ದಾನೆ ಎಂದುಕೊಂಡರು ಧರ್ಮಪಾಲರು.

“ನೋಡು ಮಾರಾಯ” ಎಂದು ಅವರು ಚಹಾ ಬರುವ ಮೊದಲೇ ಶುರು ಮಾಡಿದರು. “ನಿನ್ನ ಜಪಾನಿನವರನ್ನು ಪೂರ್ತಿ ಕೇಳಿದೆ. ಇಬ್ಬರು ಅಂದಿಯಲ್ಲ, ಇನ್ನೊಬ್ಬ ಎಲ್ಲಿ?”

“ಯಾರು ಅಂಕಲ್?”

“ಡ್ರಮ್ಮಿನವ. ಆರು ಆಲ್ಬಮ್ಮಿನಲ್ಲಿ ಅವ ಬಾರಿಸಿದ್ದು ಎಲ್ಲಿ?”

ವಿಕಾಸ್ ಇವರು ತಮಾಷೆ ಮಾಡುತ್ತಿದ್ದಾರೆ ಎಂದು ನಕ್ಕ. ಮುಖ ನೋಡಿ ನಗು ನಿಲ್ಲಿಸಿದ. “ಅಂಕಲ್, ಎಲ್ಲಾ ಕಡೆ ಅವನೇ. ಸ್ಟಾರ್ಟಿಂಗ್ ಸೇ ಎಂಡ್ ತಕ್. ಅವನು ನಿಲ್ಲುವುದೇ ಇಲ್ಲ.”

“ನಿಲ್ಲುದಿಲ್ಲವಾ? ಅವ ಬರ್ಲೇ ಇಲ್ಲ. ಗಿಟಾರಿನವ ಕಾದು ಕಾದು ಸುಸ್ತಾಗಿ ಹೋಗಿದ್ದಾನೆ. ಮೂರನೆಯದರಲ್ಲಿ ಮುಕ್ತಾಯಕ್ಕೆ ನಾನು ಎಷ್ಟು ಹೊತ್ತು ಕಾದೆ ಗೊತ್ತುಂಟಾ?”

“ಮೂರನೆಯದರ ಎಂಡಿಂಗಾ?” ಹುಡುಗನಿಗೂ ಈಗ ಸ್ವಲ್ಪ ಬಿಸಿ ಏರಿತು. “ಅಂಕಲ್, ಲಾಸ್ಟಲ್ಲಿ ಬೇಸ್ ನಿಲ್ತದೆ, ಡ್ರಮ್ಸ್ ಒಂದೇ ಹೋಗಿ ಫಿನಿಶ್ ಮಾಡ್ತದೆ. ಅದಕ್ಕೋಸ್ಕರವೇ ನಿಮಗೆ ಕಳಿಸಿದ್ದು ನಾನು.”

ಒಬ್ಬರಿಗೊಬ್ಬರು ಹುಚ್ಚರ ಹಾಗೆ ಕಾಣತೊಡಗಿದರು. ಚಹಾ ತಂದಿಟ್ಟವನು ಇಬ್ಬರ ಮುಖವನ್ನೂ ನೋಡಿ ಬೇಗ ಸರಿದುಕೊಂಡ. ವಿಕಾಸ್ ಕೊನೆಗೆ, “ಇಯರ್‌ಫೋನ್ ಕೊಡಿ ಅಂಕಲ್” ಎಂದು ಇವರ ಫೋನಿನಲ್ಲೇ ಮೂರನೆಯ ಆಲ್ಬಮ್ ಹಚ್ಚಿ ತನ್ನ ಕಿವಿಗೆ ಹಾಕಿ ನೋಡಿದ. “ಸರಿ ಉಂಟಲ್ಲ. ಎರಡೂ ಸೈಡ್ ಬರ್ತಾ ಉಂಟು. ಇವರದ್ದು ರೆಕಾರ್ಡಿಂಗೇ ಹಾಗೆ. ಲೆಫ್ಟಲ್ಲಿ ಬೇಸಿನವನು ಮಾತ್ರ, ರೈಟಲ್ಲಿ ಡ್ರಮ್ಸಿನವನು ಮಾತ್ರ. ಇಬ್ಬರೂ ಎದುರುಬದುರು ನಿಂತು ಜಗಳ ಮಾಡಿದ ಹಾಗೆ ಕೇಳ್ಬೇಕು ಅಂತ. ಇದು ನೋಡಿ, ಇದು ಡ್ರಮ್ಸಿನವನ ಸೈಡ್.”

ಹೀಗೆ ಹೇಳುತ್ತಾ ಅವನು ತನ್ನ ಬಲಗಿವಿಯ ಬೊಡ್ಡೆ ತೆಗೆದು, ತನಗೆ ಹತ್ತಿರವಿದ್ದ ಧರ್ಮಪಾಲರ ಎಡಗಿವಿಗೆ ಇಟ್ಟ.

ಧರ್ಮಪಾಲರ ತಲೆಯೊಳಗೆ ಒಬ್ಬ ಮನುಷ್ಯ ಬಾರಿಸುತ್ತಿದ್ದ. ಏಳಕ್ಕೆ ಏಳು ಕೂಡಿಸಿ, ಅದರಲ್ಲಿ ಒಂದನ್ನು ಕದ್ದು, ಕದ್ದದ್ದನ್ನು ಮುಂದಿನ ಸುತ್ತಿನಲ್ಲಿ ಲೆಕ್ಕ ತಪ್ಪದೆ ವಾಪಸು ಕೊಡುತ್ತಿದ್ದ. ಅವನ ಪೆಟ್ಟುಗಳು ಗಿಟಾರಿನವನು ನಿಂತ ಖಾಲಿ ಜಾಗಗಳಲ್ಲೇ ಬೀಳುತ್ತಿದ್ದವು. ಆ ಖಾಲಿ ಜಾಗಗಳೆಲ್ಲ ಧರ್ಮಪಾಲರಿಗೆ ಬಾಯಿಪಾಠವಾಗಿದ್ದವು. ಹಾಗಾಗಿ ಗಿಟಾರು ಈಗ ಕಿವಿಯಲ್ಲಿ ಇಲ್ಲದಿದ್ದರೂ ಯಾವ ಪೆಟ್ಟು ಯಾವ ಕಡೆ ಕೂತುಕೊಳ್ಳುತ್ತದೆ ಎಂದು ಅವರಿಗೆ ತಿಳಿಯುತ್ತಿತ್ತು. ಅವರು ಆ ಬೊಡ್ಡೆಯನ್ನು ತೆಗೆದು ಬಲಗಿವಿಗೆ ಇಟ್ಟುಕೊಂಡರು. ಮನುಷ್ಯ ಹೋದ. ಬಹಳ ದೂರದಲ್ಲಿ ಯಾರೋ ಮಸಾಲೆ ಕುಟ್ಟುತ್ತಿದ್ದರು. ಮತ್ತೆ ಎಡಗಿವಿಗೆ ಇಟ್ಟುಕೊಂಡರು, ಮನುಷ್ಯ ಬಂದ. ಮೇಜಿನ ಮೇಲೆ ಚಹಾ ಆರಿ ಕೆನೆ ಕಟ್ಟಿತು.

ವಿಕಾಸ್ ಎಲ್ಲವನ್ನೂ ನೋಡಿದ. ದಡ್ಡ ಹುಡುಗನಲ್ಲ ಅವನು. ಮೆಲ್ಲಗೆ ಇಯರ್‌ಫೋನನ್ನು ಸುತ್ತಿ ಮೇಜಿನ ಮೇಲಿಟ್ಟ.

“ಇಯರ್‌ಫೋನ್ ಖರಾಬ್ ಆಗಿದೆ ಅಂಕಲ್” ಎಂದ. “ರೈಟ್ ಸೈಡ್ ಹೋಗಿದೆ. ಸಸ್ತಾ ಮಾಲ್ ಇದು, ಹೀಗೇ ಆಗ್ತದೆ.”

ಎರಡೂ ಸೈಡ್ ಬರುತ್ತಾ ಉಂಟು ಎಂದು ಈಗಷ್ಟೇ ಹೇಳಿದ್ದು ಅವನೇ. ಅದು ಧರ್ಮಪಾಲರಿಗೂ ಗೊತ್ತು, ಇವರಿಗೆ ಗೊತ್ತೆಂದು ಅವನಿಗೂ ಗೊತ್ತು. ಆದರೂ ಹುಡುಗ ಮುಖದಲ್ಲಿ ಒಂದಿಷ್ಟೂ ನಗು ತರದೆ ಸುಳ್ಳು ಹೇಳಿ, ಇವರ ಫೋನು ತೆಗೆದುಕೊಂಡು, ಸೆಟ್ಟಿಂಗಿನಲ್ಲಿ ಎಲ್ಲೋ ಹೋಗಿ ಏನೋ ಒತ್ತಿ ಕೊಟ್ಟ. “ಇನ್ನು ಎರಡರಲ್ಲೂ ಎರಡೂ ಬರ್ತದೆ. ಇಯರ್‌ಫೋನ್ ಹೇಗಿದ್ರೂ ನಡೀತದೆ.” ತನಗೊಂದು ಬೈಗುಳ ಸಿಕ್ಕಿದ್ದರೂ ಇಷ್ಟು ಕಷ್ಟವಾಗುತ್ತಿರಲಿಲ್ಲ ಎಂದು ಧರ್ಮಪಾಲರಿಗೆ ಅನಿಸಿತು. ಅವರಿಗೆ ಆ ಹುಡುಗನ ಮೇಲೆ ಸಿಟ್ಟು ಬಂತು; ಸಿಟ್ಟು ಮಾಡಲು ಕಾರಣ ಹುಡುಕಿದರೆ ಒಂದೂ ಸಿಗಲಿಲ್ಲ. ಬೇಡ ಎಂದು ಹೇಳಲು ಬಂದವರು ಚಹಾದ ದುಡ್ಡು ಕೊಟ್ಟು ಎದ್ದರು.

ಅಭ್ಯಾಸದಲ್ಲಿ ಅವತ್ತು ಅವರು ಜಯಶೀಲನಿಗೆ ಬೈಯಲಿಲ್ಲ. ಕಣ್ಣಂಚಿನಲ್ಲಿ ಅವನ ಕೈ ನೋಡುತ್ತಾ ಬಾರಿಸಿದರು. ಆ ಕೈ ಬೆವರಿಳಿಯುವಷ್ಟು ಬಲವಾಗಿ ಬೀಳುತ್ತಿತ್ತು. ಎಷ್ಟು ವರ್ಷದಿಂದ ಹೀಗೆ ತೋಳು ಕಳಚಿ ಬೀಳುವ ಹಾಗೆ ಬಾರಿಸುತ್ತಿದ್ದಾನೋ ಪಾಪ, ತನ್ನ ಕಾಟಕ್ಕೆ.

ವಾಪಸು ಬರುವಾಗ ಟ್ರೇನಿನಲ್ಲಿ ಮೂರನೆಯ ಆಲ್ಬಮ್ಮನ್ನು ಮತ್ತೆ ಹಚ್ಚಿದರು. ಒಂದೇ ಕಿವಿಯಲ್ಲಿ ಇಬ್ಬರೂ ಒಟ್ಟಿಗೆ ಬಂದರು, ನೂಕಾಡುತ್ತಾ, ಒಬ್ಬರ ಮಾತನ್ನು ಇನ್ನೊಬ್ಬರು ಕಿತ್ತುಕೊಳ್ಳುತ್ತಾ. ಉತ್ತರ ಬರುತ್ತಿತ್ತು. ಪ್ರತಿ ಸಲವೂ ಬರುತ್ತಿತ್ತು. ಕೊನೆಗೆ ಗಿಟಾರಿನವನು ಮೇಲೆ ಹತ್ತಿ ಕೈ ಎತ್ತಿದ, ಧರ್ಮಪಾಲರು ಉಸಿರು ಹಿಡಿದರು, ಡ್ರಮ್ಮಿನವನು ಒಬ್ಬನೇ ಉರುಳುರುಳಿ ಬಂದು ಒಂದು ಪೆಟ್ಟು ಕೊಟ್ಟು ನಿಲ್ಲಿಸಿದ. ಪಕ್ಕಾ ಮುಕ್ತಾಯ. ಧರ್ಮಪಾಲರ ಕೈ ತೊಡೆಯ ಮೇಲೆ ಸರಿಯಾದ ಜಾಗಕ್ಕೆ ಬಿತ್ತು. ಅವರಿಗೆ ಖುಷಿಯಾಗಬೇಕಿತ್ತು, ಕಣ್ಣಲ್ಲಿ ನೀರು ಬಂತು. ಮದ್ದಳೆಯವನಿಗೆ ಕಿವಿ ಹೋದರೆ ಉಳಿಯುವುದು ಏನು ಎಂದು ಅವರು ಕೇಳಿಕೊಳ್ಳದೆ ಇಷ್ಟು ವರ್ಷ ತಳ್ಳಿದ್ದರು. ಆ ಪ್ರಶ್ನೆ ಈಗ ಎದುರು ಸೀಟಿನಲ್ಲೇ ಬಂದು ಕೂತಿತ್ತು.

ಆದಿತ್ಯವಾರ ವಿಕಾಸ್‌ನ ತಾಯಿ ಪದ್ಮಾವತಿಯವರು ಮಗನ ಜೊತೆ ಬಂದರು. ಘಣಸೋಲಿಯ ಅಂಗಡಿಯ ಚಿಕ್ಕು ಹಣ್ಣು, ಮನೆಯಲ್ಲೇ ಮಾಡಿದ ಹಲಸಿನ ಹಪ್ಪಳ ತಂದಿದ್ದರು. ಅವರನ್ನು ಎದುರಿನ ಸೋಫಾದಲ್ಲಿ ಕೂರಿಸಿ ಧರ್ಮಪಾಲರು ತಮ್ಮ ಕುರ್ಚಿಯಲ್ಲಿ ಕೂತರು. ಆ ಕುರ್ಚಿಯ ಎರಡೂ ಬದಿ ಒಂದೊಂದು ಪ್ಲಾಸ್ಟಿಕ್ ಕುರ್ಚಿ ಇತ್ತು. ವಿಕಾಸ್ ಎಡಗಡೆಯ ಕುರ್ಚಿಗೆ ಕೈ ಹಾಕಿದ. ಅದೇ ಹೊತ್ತಿಗೆ ರಮಿತಾ ಅಡುಗೆಮನೆಯಿಂದ ಬಂದು, ತಾನು ದಿನಾ ಕೂರುವ ಅದೇ ಕುರ್ಚಿಗೆ ಕೈ ಹಾಕಿದಳು. ಕರಿದ ಹಪ್ಪಳದ ತಟ್ಟೆ ಹಿಡಿದು ಬಂದ ದಮಯಂತಿಯೂ ಅದೇ ಕಡೆ ಬಂದು ನಿಂತಳು. ಮೂವರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಬಲಗಡೆಯ ಕುರ್ಚಿ ಖಾಲಿ ಇತ್ತು.

ಧರ್ಮಪಾಲರು ಆ ಖಾಲಿ ಕುರ್ಚಿಯನ್ನು ನೋಡಿದರು. ಊಟಕ್ಕೆ ಕೂತಾಗ, ಟೀವಿ ನೋಡುವಾಗ, ಮದುವೆಮನೆಗಳಲ್ಲಿ, ಪ್ಲಾಟ್‌ಫಾರ್ಮಿನ ಬೆಂಚಿನಲ್ಲಿ, ಈ ತಾಯಿ ಮಗಳು ತಮ್ಮ ಬಲಕ್ಕೆ ಕೂತದ್ದು ಎಂದಾದರೂ ಉಂಟೇ ಎಂದು ನೆನಪು ಮಾಡಿದರು. ಒಂದೂ ನೆನಪಾಗಲಿಲ್ಲ.

“ಮೂವರೂ ಒಂದೇ ಕಡೆ ಎಂತ ಗುಂಪು ಕಟ್ಟಿದ್ದು?” ಎಂದು ರೇಗಿದರು. ಧರ್ಮಪಾಲರು ಪದ್ಮಾವತಿಯವರ ಕಡೆ ತಿರುಗಿ, ಕ್ಯಾಂಟೀನಿನಲ್ಲಿ ಮೆನು ಹೇಳುವ ದೊಡ್ಡ ದನಿಯಲ್ಲಿ ಹೇಳಿದರು: “ಅಕ್ಕ, ನನ್ನ ಬಲದ ಕಿವಿ ಕೇಳುದಿಲ್ಲ. ಚೆಂಡೆಯ ಪಕ್ಕ ಕೂತು ಹೋದದ್ದು. ಮೊದಲ ಸಲ ಬಂದಾಗ ನಿಮ್ಮ ಮಗ ಈ ಕಡೆ ಕೂತು ಮಾತಾಡಿದ್ದು ನನಗೆ ಒಂದಕ್ಷರ ಕೇಳ್ಲಿಲ್ಲ. ನಾನು ಅವ ಗೊಣಗುದು ಅಂತ ತಿಳಿದೆ.”

ಬಾಯಿಂದ ಹೊರಗೆ ಬಿದ್ದ ಮೇಲೆ ಅದು ಅಷ್ಟೇನೂ ದೊಡ್ಡ ಮಾತಾಗಿರಲಿಲ್ಲ.

“ಅದು ನಮಗೆ ಗೊತ್ತುಂಟು” ಎಂದಳು ದಮಯಂತಿ. “ಆರು ವರ್ಷ ಆಯ್ತು. ಕಿವಿ ಡಾಕ್ಟರ ಹೆಸರು ಎತ್ತಿದ್ದಕ್ಕೆ ನೀವು ಊಟ ಬಿಟ್ಟು ಕೂತದ್ದು ನೆನಪುಂಟಾ? ಅದರ ನಂತರ ನಾವು ಸುಮ್ಮನೆ ಈಚೆ ಕಡೆ ಬಂದು ಕೂತದ್ದು. ಈಗ ಅಕ್ಕನಿಗೆ ಉತ್ತರ ಹೇಳಿ, ಹಪ್ಪಳ ತಣೀತದೆ.”

ಆರು ವರ್ಷದಿಂದ ತಮ್ಮನ್ನು ಗಾಜಿನ ಸಾಮಾನಿನಂತೆ ಸಾಗಿಸಿದ್ದಾರೆ ಎಂದು ಧರ್ಮಪಾಲರಿಗೆ ಕೆಟ್ಟ ಸಿಟ್ಟು ಬಂತು. ಬೈಯಲೆಂದೇ ಬಾಯಿ ತೆರೆದರು. ಅವರು ರಮಿತಾಳ ಕಡೆ ನೋಡಿದರು. ಅವಳ ಕೈ ಇನ್ನೂ ಆ ಕುರ್ಚಿಯ ಬೆನ್ನಿನ ಮೇಲೆಯೇ ಇತ್ತು, ವಿಕಾಸ್‌ನ ಕೈಯ ಪಕ್ಕದಲ್ಲಿ.

“ನನ್ನ ಒಪ್ಪಿಗೆ ಉಂಟು ಅಕ್ಕ. ಪೂರ್ಣ ಒಪ್ಪಿಗೆ” ಎಂದರು. ಆಮೇಲೆ ಹುಡುಗನ ಕಡೆ ತಿರುಗಿ, “ಆದರೆ ಆ ಐದನೆಯದ್ದು ಮಾತ್ರ ಎರಡು ಕಿವಿ ಇದ್ದವನಿಗೂ ಕೇಳ್ಲಿಕ್ಕೆ ಆಗುದಿಲ್ಲ” ಎಂದರು.

“ನನಗೂ ಆಗುದಿಲ್ಲ ಅಂಕಲ್” ಎಂದ ವಿಕಾಸ್.

ಮುಂದಿನ ಶನಿವಾರ ಅಭ್ಯಾಸಕ್ಕೆ ಮಗಳೂ ಹುಡುಗನೂ ಬಂದು ಹಿಂದಿನ ಚಾಪೆಯಲ್ಲಿ ಕೂತಿದ್ದರು. ಜಯಶೀಲ ಎಂದಿನಂತೆ ಚೆಂಡೆ ಹೆಗಲಿಗೆ ಹಾಕಿ ಬಲಗಡೆ ಬಂದು ನಿಂತ. ಬೈಗುಳಕ್ಕೆ ಮೊದಲೇ ತಯಾರಾಗಿ ಕೈಗಳನ್ನು ಮೇಲೆತ್ತಿ ಹಿಡಿದಿದ್ದ.

“ಜಯಶೀಲ, ಆಚೆ ಬೇಡ. ಇನ್ನು ಮೇಲೆ ನೀನು ನನ್ನ ಎಡಕ್ಕೆ ನಿಲ್ಲು” ಎಂದರು ಧರ್ಮಪಾಲರು.

ಭಾಗವತರು ಯಾಕೆ ಎಂದು ಕೇಳಿದರು. “ಬಲಗಿವಿ ಕೇಳುದಿಲ್ಲ” ಎಂದು ಇವರು ಎರಡನೆಯ ಸಲ ಹೇಳಿದರು; ಈ ಸಲ ಇನ್ನೂ ಸುಲಭವಾಯಿತು. ಜಯಶೀಲ ಸುತ್ತು ಬಂದು ಎಡಕ್ಕೆ ನಿಂತ. ಭಾಗವತರು ಪದ್ಯ ಎತ್ತಿದರು, ಮದ್ದಳೆ ಶುರುವಾಯಿತು. ಜಯಶೀಲ ರೂಢಿಯಾದ ಪೂರ್ತಿ ಬಲ ಹಾಕಿ ಮೊದಲ ಪೆಟ್ಟು ಕೊಟ್ಟ.

ಧರ್ಮಪಾಲರು ಕೂತಲ್ಲೇ ಅರ್ಧ ಅಡಿ ಹಾರಿದರು. ಮದ್ದಳೆಯ ಮೇಲಿದ್ದ ಕೈ ತಟಕ್ಕನೆ ಎಡಗಿವಿಗೆ ಹೋಯಿತು.

“ಮೆಲ್ಲ ಬಾರಿಸು ಮಾರಾಯ” ಎಂದರು. “ಉಳಿದದ್ದು ಇದೊಂದೇ.”